ಒಣಗಿ ನಿಂತ ಮರವನ್ನು ಚೈನ್ ಸಾದಿಂದ ಉರುಳಿಸುವುದು

ಹಸಿ ಮರವನ್ನು ಉರುಳಿಸುವಾಗ, ಬೀಳಬೇಕಾದ ಬದಿಯಲ್ಲಿ ಹಾಕುವ ಮುಂದಿನ ಕಚ್ಚಿಗೂ ಅದರ ಎದುರು ಬದಿಯ ಹಿಂದಿನ ಕೊಯ್ತಕ್ಕೂ ನಡುವೆ ಕತ್ತರಿಸದೆ ಉಳಿಸುವ ಪಟ್ಟಿಯು ಬಾಗಿಲಿನ ಕೀಲಿನಂತೆ ಬಾಗುತ್ತಾ, ಮರವನ್ನು ನಾವು ಗೊತ್ತುಮಾಡಿದ ದಿಕ್ಕಿಗೆ ಇಳಿಸುತ್ತದೆ. ಕಾಂಡದ ವ್ಯಾಸದ ಹತ್ತನೇ ಒಂದು ಭಾಗ, ಅಂದರೆ 50 ಸೆಂ.ಮೀ. ಮರಕ್ಕೆ 5 ಸೆಂ.ಮೀ. ದಪ್ಪ ಉಳಿಸುವುದು ರೂಢಿ. ಒಣಮರದ ನಾರಿನಲ್ಲಿ ತೇವವಿಲ್ಲದ ಕಾರಣ ಈ ಕೀಲು ಬಾಗುವ ಮೊದಲೇ ಲಟಕ್ಕನೆ ಮುರಿಯಬಹುದು. ಆಮೇಲೆ ಮರ ಯಾವ ಕಡೆ ವಾಲಿತೆಂಬುದು ನಮ್ಮ ಕೈಯಲ್ಲಿರುವುದಿಲ್ಲ. ಆದ್ದರಿಂದ ಒಣಮರವನ್ನು ಅದು ತಾನಾಗಿ ವಾಲಿರುವ ಕಡೆಗೇ ಬೀಳಿಸಬೇಕು, ಕೀಲನ್ನು ನಂಬಿ ದಿಕ್ಕು ತಿರುಗಿಸಲು ಹೋಗಬಾರದು.

ಇದಕ್ಕಿಂತ ದೊಡ್ಡ ಅಪಾಯ ಇರುವುದು ತಲೆಯ ಮೇಲೆ. ಯಂತ್ರದ ನಡುಕಕ್ಕೆ, ಅದಕ್ಕಿಂತ ಹೆಚ್ಚಾಗಿ ಮರವನ್ನು ವಾಲಿಸಲು ಹಿಂದಿನ ಕೊಯ್ತಕ್ಕೆ ತುರುಕುವ ಬೆಣೆಗೆ ಸುತ್ತಿಗೆಯಿಂದ ಕೊಡುವ ಪೆಟ್ಟಿಗೆ, ತುದಿಯ ಒಣ ರೆಂಬೆಗಳು ಕಳಚಿ ನೇರವಾಗಿ ಬುಡಕ್ಕೆ ಬೀಳುತ್ತವೆ. ಹೀಗಾಗಿ ಒಣಮರಕ್ಕೆ ಬೆಣೆ ಬಡಿಯುವುದನ್ನು ಆದಷ್ಟು ತಪ್ಪಿಸಿ, ಎಳೆಯುವ ಅಗತ್ಯವಿದ್ದರೆ ಕೊಯ್ಯುವ ಮೊದಲೇ ಹಗ್ಗ ಕಟ್ಟಿಕೊಂಡು, ಮರದ ಎತ್ತರಕ್ಕಿಂತ ಸಾಕಷ್ಟು ದೂರದಿಂದ ಎಳೆಯುವುದು ಲೇಸು. ಹೆಲ್ಮೆಟ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಲೇಬಾರದು.

ತೀರ್ಥಹಳ್ಳಿ, ಹೊಸನಗರದ ಕಡೆಯ ತೋಟಗಳಲ್ಲಿ ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ ಕಾಂಡದ ಪೊಟರೆಯನ್ನೂ ಗೆದ್ದಲ ಗೂಡನ್ನೂ ಮುಚ್ಚಿಬಿಡುತ್ತದೆ. ಕಾಡುಬಳ್ಳಿಯಾದರೆ ಪಕ್ಕದ ಮರದ ನೆತ್ತಿಗೂ ಹೆಣೆದುಕೊಂಡು, ಮರ ಬೀಳುವಾಗ ಅಲ್ಲಿಯ ರೆಂಬೆಯನ್ನು ಕಿತ್ತು ತರುತ್ತದೆ. ಬುಡದ ಬಳ್ಳಿ ಸರಿಸಿ, ಕೊಡಲಿಯ ಹಿಂಬದಿಯಿಂದ ಕಾಂಡವನ್ನು ಸುತ್ತಲೂ ತಟ್ಟಿ ನೋಡಬೇಕು: ಗಟ್ಟಿ ಮರ ಖಣಖಣ ಎನ್ನುತ್ತದೆ, ಟೊಳ್ಳಾದದ್ದು ಡೊಳ್ಳಿನ ದನಿ ಕೊಡುತ್ತದೆ. ಕೊಯ್ಯುವಾಗಲೂ ಹೊಟ್ಟಿನ ಮೇಲೆ ಕಣ್ಣಿರಲಿ. ಒರಟು ಚೂರಿನ ಬದಲು ಕಪ್ಪು-ಕಂದು ಬಣ್ಣದ ನುಣ್ಣನೆಯ ಪುಡಿ ಬರತೊಡಗಿದರೆ ಒಳಗೆ ಕೊಳೆತಿದೆ ಎಂದರ್ಥ, ಅಲ್ಲಿ ಕೀಲು ನಿಲ್ಲುವುದಿಲ್ಲ. ಗೆದ್ದಲು ತುಂಬಿದ ಮಣ್ಣು ಸರಪಳಿಯ ಹಲ್ಲನ್ನೂ ಬೇಗ ಮೊಂಡು ಮಾಡುತ್ತದೆ.

ಪೊಟರೆಯಲ್ಲಿ ಜೇನು ಅಥವಾ ಮಂಗಟ್ಟೆ ಹಕ್ಕಿಯ ಗೂಡಿದೆಯೇ ಎಂಬುದನ್ನು ಮೊದಲೇ ನೋಡುವುದು ಅಗತ್ಯ. ಬೇಸಿಗೆಯಲ್ಲಿ ಹೆಣ್ಣು ಮಂಗಟ್ಟೆ ತನ್ನನ್ನು ಪೊಟರೆಯೊಳಗೆ ಮುಚ್ಚಿಕೊಂಡು ಮೊಟ್ಟೆಗೆ ಕಾವು ಕೊಡುತ್ತಿರುತ್ತದೆ. ಮನೆ, ದಾರಿ, ತಂತಿಗೆ ತೊಂದರೆಯಿಲ್ಲದ ಒಣಮರವನ್ನು ಹಾಗೆಯೇ ಬಿಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಕಡಿಯಲೇಬೇಕಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಪಡೆಯಬೇಕು. ಸಿಲ್ವರ್ ಓಕ್, ನೀಲಗಿರಿಯಂಥ ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿಯಿದೆ. ವಿದ್ಯುತ್ ತಂತಿ ಹತ್ತಿರವಿದ್ದರೆ ವಿದ್ಯುತ್ ಕಂಪನಿಯಾದ ಮೆಸ್ಕಾಂನವರು ಲೈನ್ ಆಫ್ ಮಾಡಿದ ಮೇಲಷ್ಟೇ ಕೆಲಸ.

ಯಂತ್ರ ಚಾಲೂ ಮಾಡುವ ಮೊದಲು, ಮರ ಬೀಳುವ ದಿಕ್ಕಿನ ಹಿಂದಕ್ಕೆ ಎರಡೂ ಮಗ್ಗುಲಿಗೆ ಸುಮಾರು 45 ಡಿಗ್ರಿ ಓರೆಯಾಗಿ ಓಡುವ ದಾರಿಯನ್ನು ಸವರಿಕೊಳ್ಳಬೇಕು. ಜೊತೆಗಾರರು ಮರದ ಎತ್ತರದ ಎರಡರಷ್ಟು ದೂರದಲ್ಲಿರಬೇಕು. ಹಿಂದಿನ ಕೊಯ್ತ ತೆರೆಯತೊಡಗಿದ ಕೂಡಲೇ ಮೇಲೆ ನೋಡುತ್ತಾ ಹಿಂದೆ ಸರಿಯಬೇಕು. ಮರ ಪಕ್ಕದ ಮರಕ್ಕೆ ಒರಗಿ ನಿಂತರೆ ಆ ಎರಡನೆಯ ಮರವನ್ನು ಕಡಿಯುವುದಾಗಲಿ, ಒರಗಿದ ಮರದ ಅಡಿಗೆ ನಡೆಯುವುದಾಗಲಿ ಕೂಡದು. ಸುತ್ತ ಹಗ್ಗ ಕಟ್ಟಿ ಜನರನ್ನು ದೂರವಿಟ್ಟು, ಬುಡವನ್ನು ದೂರದಿಂದ ಹಿಂದಕ್ಕೆ ಎಳೆದು ಇಳಿಸಬೇಕು.