ಅರಸೀಕೆರೆ ಬಯಲಿನ ಗೂಗ್ಲಿ

ಮಾರ್ಚ್ ತಿಂಗಳ ಮಟಮಟ ಮಧ್ಯಾಹ್ನ. ಅರಸೀಕೆರೆ ಹತ್ತಿರದ ಬಯಲಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಪಿಚ್ ಪಕ್ಕದಲ್ಲೇ ಧೂಳೆದ್ದು, ತರಗೆಲೆ, ಚಿಪ್ಸ್ ಪ್ಯಾಕೆಟ್ ಎಲ್ಲಾ ಗಿರಗಿರ ಸುತ್ತುತ್ತಾ ತೆಂಗಿನಮರದೆತ್ತರ ಹೋಯಿತು. ಎಮ್ಮೆ ಕಾಯುತ್ತಿದ್ದ ಅಜ್ಜಿ, "ದೆವ್ವದ ಗಾಳಿ ಕಣ್ರಲಾ, ಈಚೆ ಬನ್ನಿ" ಅಂದರು. "ದೆವ್ವ ಅಲ್ಲಜ್ಜಿ, ಸ್ಪಿನ್ನು" ಅಂದ ಬೌಲರ್ ಹುಡುಗ.

ತಮಾಷೆಗೆ ಹೇಳಿದರೂ ಸರಿಯಾಗೇ ಹೇಳಿದ. ಈ ಸ್ಪಿನ್ ಪದ ಬೌಲರ್‌ಗೂ ಬೇಕು, ಹವಾಮಾನದವರಿಗೂ ಬೇಕು. ಪೈಲಟ್‌ಗೆ ಮಾತ್ರ ಬೇಡ.

ಆಫ್ ಸ್ಪಿನ್ನರ್ ಹಾಕಿದ ಚೆಂಡು ಎಷ್ಟೋ ಸಲ ಗಾಳಿಯಲ್ಲಿ ಬಲಗೈ ಬ್ಯಾಟ್ಸ್‌ಮನ್‌ನಿಂದ ದೂರ, ಸ್ಲಿಪ್ ಕಡೆ ಜಾರಿ, ನೆಲಕ್ಕೆ ಬಿದ್ದಮೇಲೆ ಅವನ ಕಡೆಗೇ ಒಳಗೆ ತಿರುಗುತ್ತದೆ. ನೆಲದ್ದು ಪಿಚ್‌ನ ಕೆಲಸ, ಮೊದಲಿನದ್ದು ಗಾಳಿಯ ಕೆಲಸ. ಸುತ್ತುವ ಚೆಂಡು ಗಾಳಿಯನ್ನು ಒಂದು ಪಕ್ಕಕ್ಕೆ ತಳ್ಳುತ್ತದೆ, ತಾನು ಇನ್ನೊಂದು ಪಕ್ಕಕ್ಕೆ ಸರಿಯುತ್ತದೆ.

ವಿಮಾನದ ಸ್ಪಿನ್ ಬೇರೆಯೇ ಕಥೆ. ಮೂತಿ ಜಾಸ್ತಿ ಎತ್ತಿದಾಗ ರೆಕ್ಕೆಗೆ ಗಾಳಿಯ ಹಿಡಿತ ತಪ್ಪುತ್ತದೆ. ಎರಡೂ ರೆಕ್ಕೆಗೆ ಒಂದೇ ಸಮ ತಪ್ಪದಿದ್ದರೆ ವಿಮಾನ ಬುಗುರಿಯ ಹಾಗೆ ಸುತ್ತುತ್ತಾ ಕೆಳಗಿಳಿಯುತ್ತದೆ. ಆಗ ಮೂತಿ ಎತ್ತಲು ಕೈ ತಾನಾಗೇ ಸ್ಟಿಕ್ ಎಳೆಯುತ್ತದೆ, ಎಳೆದರೆ ಇನ್ನೂ ಕೆಡುತ್ತದೆ. 1912ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ವಿಲ್ಫ್ರೆಡ್ ಪಾರ್ಕ್ ಎಂಬ ನೌಕಾಪಡೆ ಪೈಲಟ್, ಏನೂ ತೋಚದೆ ಸುತ್ತುವ ದಿಕ್ಕಿಗೆ ಎದುರಾಗಿ ರಡ್ಡರ್ (ಬಾಲದ ಚುಕ್ಕಾಣಿ) ಒತ್ತಿ, ನೆಲ ಇನ್ನೇನು ಹತ್ತಿರ ಅನ್ನುವಾಗ ಬಚಾವಾದ. ಇಂದಿಗೂ ಎದುರು ರಡ್ಡರ್ ಒತ್ತುವುದನ್ನೇ ಕಲಿಸುತ್ತಾರೆ.

ಇನ್ನು ಅಜ್ಜಿಯ ದೆವ್ವ. ಬೋಳು ನೆಲ ಕಾದಾಗ ಅದಕ್ಕೆ ತಾಗಿದ ಗಾಳಿ ಹಗುರಾಗಿ ಮೇಲೇಳುತ್ತದೆ. ಆ ಜಾಗಕ್ಕೆ ಸುತ್ತಲಿನ ಗಾಳಿ ನುಗ್ಗುತ್ತದೆ, ಸಂತೆಯಲ್ಲಿ ಬೆಲೆ ಇಳಿಸಿದ ಅಂಗಡಿಗೆ ಜನ ನುಗ್ಗುವ ಹಾಗೆ. ಬರುವ ಗಾಳಿಗೆ ಸ್ವಲ್ಪ ತಿರುವಿದ್ದರೂ ಸಾಕು, ಒಳಗೆ ಸೇರಿದಷ್ಟೂ ವೇಗ ಏರುತ್ತದೆ. ಆಫೀಸಿನ ತಿರುಗು ಕುರ್ಚಿಯಲ್ಲಿ ಕೈ ಚಾಚಿ ಸುತ್ತಿ, ಆಮೇಲೆ ಕೈ ಎದೆಗೆ ಮಡಚಿ ನೋಡಿ. ಬಚ್ಚಲ ತೂಬಿನ ನೀರು ನೋಡಿ, ಅಂಚಲ್ಲಿ ಸೋಮಾರಿ, ತೂತಿನ ಹತ್ತಿರ ಹುಚ್ಚು.

ಬಂಗಾಳ ಕೊಲ್ಲಿಯ ಚಂಡಮಾರುತ ಯಾವಾಗಲೂ ಗಡಿಯಾರದ ಮುಳ್ಳಿಗೆ ಎದುರಾಗಿಯೇ ಸುತ್ತುತ್ತದೆ, ಅದಕ್ಕೆ ಭೂಮಿಯ ತಿರುಗುವಿಕೆ ಕಾರಣ. ನಮ್ಮ ಸುಳಿಗಾಳಿಗೆ ಆ ನಿಯಮವಿಲ್ಲ, ಭೂಮಿಯ ಪ್ರಭಾವ ಕಾಣುವಷ್ಟು ದೊಡ್ಡದಲ್ಲ ಅದು. ಅವತ್ತು ಮೊದಲು ಎದ್ದದ್ದು ಎಡಕ್ಕೆ ಸುತ್ತುತ್ತಿತ್ತು. ಹತ್ತು ನಿಮಿಷಕ್ಕೆ ಇನ್ನೊಂದು ಎದ್ದಿತು, ಅದು ಬಲಕ್ಕೆ.

"ಅಂದುಕೊಂಡದ್ದಕ್ಕೆ ಉಲ್ಟಾ ತಿರುಗ್ತು, ಇದು ಗೂಗ್ಲಿ, ಅಜ್ಜಿ" ಅಂದ ಹುಡುಗ.