ಹಂಸವಲ್ಲ, ಪಟ್ಟೆತಲೆ ಹೆಬ್ಬಾತು

ಚಳಿಗಾಲದಲ್ಲಿ ತುಂಗಭದ್ರಾ ಹಿನ್ನೀರು ಇಳಿದಂತೆಲ್ಲ ಕೊಪ್ಪಳ ಕಡೆಯ ದಂಡೆಯ ಕೆಸರಿನಲ್ಲಿ ಎಳೆ ಹುಲ್ಲು ಏಳುತ್ತದೆ. ಅಲ್ಲಿ ಬೂದು ಬಣ್ಣದ ದಪ್ಪ ಹಕ್ಕಿಗಳು ಕಂಡರೆ ‘ಹಂಸ ಬಂದಾವ’ ಅನ್ನುವವರಿದ್ದಾರೆ. ಹಾಲು ನೀರು ಬೇರ್ಪಡಿಸುವ ಹಂಸ ಇರುವುದು ಕಾವ್ಯದಲ್ಲಿ. ಈ ಹಕ್ಕಿಯ ಕೊಕ್ಕಿನ ಅಂಚಿನಲ್ಲಿ ಗರಗಸದ ಹಲ್ಲಿನಂಥ ಏಣುಗಳಿರುವುದು ಹುಲ್ಲು ಕತ್ತರಿಸಲಿಕ್ಕೆ, ಹಾಲು ಸೋಸಲಿಕ್ಕಲ್ಲ.

ಬಿಳಿ ತಲೆ, ಅದರ ಹಿಂಬದಿಗೆ ಎರಡು ಕಪ್ಪು ಪಟ್ಟೆ: ಮೇಲಿನದು ಕಣ್ಣಿಂದ ಕಣ್ಣಿಗೆ ಸುತ್ತುತ್ತದೆ, ಕೆಳಗಿನದು ಗಿಡ್ಡ. ಹಳದಿ ಕೊಕ್ಕಿನ ತುದಿ ಕಪ್ಪು. ತೂಕ ಸುಮಾರು 2ರಿಂದ 3 ಕೆ.ಜಿ. ಹೊಸಬರು ಮೋಸ ಹೋಗುವುದು ಆ ವರ್ಷದ ಮರಿಗಳಲ್ಲಿ. ಅವಕ್ಕೆ ಪಟ್ಟೆಯೇ ಇಲ್ಲ, ನೆತ್ತಿಯಿಂದ ಹಿಂಗುತ್ತಿಗೆವರೆಗೆ ಒಂದೇ ಮಾಸಲು ಬಣ್ಣ. ಬೇರೆ ಜಾತಿಯೆಂದು ಬರೆದುಕೊಳ್ಳುವ ಮುಂಚೆ ಪಕ್ಕದಲ್ಲಿ ತಂದೆತಾಯಿ ಇವೆಯೇ ನೋಡಿ.

ಹಗಲು ನೀರಂಚಿನಲ್ಲಿ ತೂಕಡಿಕೆ, ಕತ್ತಲಾಗುತ್ತಲೇ ಕಡಲೆ, ಶೇಂಗಾ, ಭತ್ತದ ಹೊಲಕ್ಕೆ ಪಯಣ. ಹಸುವಿನಂತೆ ನಾರು ಅರಗಿಸುವ ಹೊಟ್ಟೆ ಇದಕ್ಕಿಲ್ಲ. ಹಾಗಾಗಿ ತಿನ್ನುತ್ತಲೇ ಇರಬೇಕು, ಹಿಕ್ಕೆ ಹಾಕುತ್ತಲೇ ಇರಬೇಕು.

ಮಂಗೋಲಿಯಾದಲ್ಲಿ ಗುರುತಿನ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ನಡುವೆ ಹಿಮಾಲಯ. 5,500 ಮೀಟರ್ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಇಲ್ಲಿಯ ಅರ್ಧದಷ್ಟು. ಅದನ್ನು ಹಿಡಿಯುವುದು ರಕ್ತದ ಹಿಮೋಗ್ಲೋಬಿನ್. ಬಸ್‌ಸ್ಟ್ಯಾಂಡು ತುಂಬಿ ತುಳುಕುವಾಗ ಯಾವ ಬಸ್ಸಾದರೂ ಭರ್ತಿಯಾಗುತ್ತದೆ. ಜನ ವಿರಳವಾದಾಗ ‘ಗಂಗಾವತಿ, ಸಿಂಧನೂರು, ರಾಯಚೂರು’ ಎಂದು ಕೂಗಿ ಹತ್ತಿಸಿಕೊಳ್ಳುವ ಕಂಡಕ್ಟರ್ ಬೇಕು. ಈ ಹಕ್ಕಿಯ ಹಿಮೋಗ್ಲೋಬಿನ್ ಅಂಥ ಕಂಡಕ್ಟರು. ಹಿಮೋಗ್ಲೋಬಿನ್ ಅಂದರೆ ಅಮೈನೋ ಆಮ್ಲಗಳೆಂಬ ಸಣ್ಣ ಅಣುಗಳನ್ನು ಪೋಣಿಸಿದ ಸರಪಳಿಗಳ ಜೋಡಣೆ. ಈ ಹಕ್ಕಿಯಲ್ಲಿ ಪ್ರೋಲಿನ್ ಎಂಬ ಅಮೈನೋ ಆಮ್ಲ ಇರಬೇಕಾದ ಒಂದು ಜಾಗದಲ್ಲಿ ಅಲನಿನ್ ಎಂಬ ಇನ್ನೊಂದು ಕೂತಿದೆ. ಇದರಿಂದ ಸರಪಳಿಗಳ ನಡುವಿನ ಒಂದು ಕೊಂಡಿ ಸಡಿಲವಾಗಿ, ಹಿಮೋಗ್ಲೋಬಿನ್ ಆಮ್ಲಜನಕ ಹಿಡಿಯುವ ಆಕಾರಕ್ಕೆ ಸುಲಭವಾಗಿ ತಿರುಗುತ್ತದೆ; ಅದಕ್ಕೇ ಆಮ್ಲಜನಕದ ಮೇಲೆ ಅದರ ಹಿಡಿತ ಬಿಗಿ. ಆದರೆ ಹತ್ತಿಸಿದರೆ ಸಾಲದು, ಇಳಿಸಲೂ ಬೇಕು. ದುಡಿಯುವ ಸ್ನಾಯುವಿನ ಬಿಸಿ ಮತ್ತು ಆಮ್ಲ ಹಿಡಿತ ಸಡಿಲಿಸುತ್ತವೆ.

ಇಷ್ಟಾದರೂ ‘ಎವರೆಸ್ಟ್ ಮೇಲೆ ಹಾರುವ ಹಕ್ಕಿ’ ಎಂಬ ಮಾತು ಉತ್ಪ್ರೇಕ್ಷೆ. 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಕ್ಕಿಯ ಮೈಯಲ್ಲಿಟ್ಟ ಯಂತ್ರಕ್ಕೆ ಸಿಕ್ಕ ಗರಿಷ್ಠ ಎತ್ತರ 7,290 ಮೀಟರ್. ಬಹುಪಾಲು ಹಾರಾಟ ಅದಕ್ಕಿಂತ ಎಷ್ಟೋ ಕೆಳಗೆ. ಮೇಲಕ್ಕೆ ಹೋದಷ್ಟೂ ಗಾಳಿ ತೆಳು, ರೆಕ್ಕೆ ಬಡಿತಕ್ಕೆ ಖರ್ಚು ಹೆಚ್ಚು. ಅದಕ್ಕೇ ಅದು ಕಣಿವೆ ಬಂದರೆ ಇಳಿಯುತ್ತದೆ, ಗುಡ್ಡ ಬಂದರೆ ಮತ್ತೆ ಏರುತ್ತದೆ. ಹೊರಡುವುದೂ ಹೆಚ್ಚಾಗಿ ರಾತ್ರಿ ಇಲ್ಲವೇ ನಸುಕಿನಲ್ಲಿ, ಗಾಳಿ ತಣ್ಣಗಾಗಿ ಒಂದಿಷ್ಟು ಸಾಂದ್ರವಾಗಿರುವಾಗ.