ಚೀಲದಲ್ಲಿ ಎರಡು ಕಲ್ಲು: ಧರ್ಮೋಪದೇಶಕಾಂಡ 25:13-16

ಮುಂಬೈ ಕಡೆ ಕನ್ನಡ ಪ್ರಾರ್ಥನಾ ಕೂಟಗಳಲ್ಲಿ ಬೈಬಲಿನ ಈ ಭಾಗ ಓದಿಸುತ್ತಿರುವವರಿಗಾಗಿ ಈ ಟಿಪ್ಪಣಿ. ಇರುವುದು ನಾಲ್ಕೇ ವಚನ: ಚೀಲದಲ್ಲಿ ಎರಡು ಬಗೆಯ ತೂಕದ ಕಲ್ಲು ಬೇಡ, ಮನೆಯಲ್ಲಿ ಎರಡು ಬಗೆಯ ಅಳತೆ ಬೇಡ ಅನ್ನುತ್ತವೆ. ಮೇಲೆ ಮೇಲೆ ಓದಿದರೆ ಇದು ಅಂಗಡಿಯವರಿಗೆ ಹೇಳಿದ್ದು, ನಮಗಲ್ಲ ಅನಿಸುತ್ತದೆ.

ಮೊದಲು ಹಿನ್ನೆಲೆ. ಆಗ ಅಲ್ಲಿ ನಾಣ್ಯ ಇರಲಿಲ್ಲ, ಬೆಳ್ಳಿಯನ್ನೇ ತೂಗಿ ಕೊಡುತ್ತಿದ್ದರು. ತೂಕಕ್ಕೆ ಕಲ್ಲು. ಯೆಹೂದದಲ್ಲಿ ಅಗೆದಾಗ ಇಂಥ ಸುಣ್ಣಕಲ್ಲಿನ ತೂಕಗಳು ಸಿಕ್ಕಿವೆ. ಆಗಿನ ತೂಕದ ಮಾನ ಶೆಕೆಲ್; ಒಂದು ಶೆಕೆಲ್ ಅಂದರೆ ಸುಮಾರು 11 ಗ್ರಾಂ. ವ್ಯಾಪಾರಿ ಇವನ್ನು ಚೀಲದಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದ. ಮೋಸ ಎರಡು ಕಡೆಯಿಂದ ನಡೆಯುತ್ತಿತ್ತು. ಧಾನ್ಯ ಕೊಡುವಾಗ ಸಣ್ಣ ಅಳತೆ, ಗಿರಾಕಿಯ ಬೆಳ್ಳಿ ತೂಗುವಾಗ ಭಾರದ ಕಲ್ಲು. ಆಮೋಸ 8:5ರಲ್ಲಿ ಪ್ರವಾದಿ ಬೈಯುವುದು ಇದನ್ನೇ. ಬೈಸಿಕೊಂಡವರು ಸಬ್ಬತ್ ಅನ್ನುವ ವಿಶ್ರಾಂತಿ ದಿನ ಅಂಗಡಿ ಮುಚ್ಚುವವರು ಅನ್ನುವುದನ್ನು ಮರೆಯಬೇಡಿ. ಯಾವಾಗ ಮುಗಿಯುತ್ತದೋ ಅಂತ ಕಾಯುತ್ತಾ ಕೂತಿದ್ದರು, ಅಷ್ಟೇ.

ಈಗ 13ನೇ ವಚನ ಇನ್ನೊಮ್ಮೆ ನೋಡಿ. ತಪ್ಪು ಕಲ್ಲಿನಲ್ಲಿ ತೂಗಬೇಡ ಅಂತ ಅಲ್ಲಿಲ್ಲ. ಎರಡು ಬಗೆಯ ಕಲ್ಲು ಇಟ್ಟುಕೊಳ್ಳಲೇಬೇಡ ಅಂತಿದೆ. ಮುಂದಿನ ವಚನದಲ್ಲಿ ಮನೆಯಲ್ಲಿ ಎರಡು ಬಗೆಯ ಅಳತೆಯೂ ಬೇಡ. ನನ್ನ ಮಟ್ಟಿಗೆ ಇಡೀ ಭಾಗದ ತಿರುಳು ಇದೇ: ಕೊಡುವುದಕ್ಕೊಂದು, ತಗೊಳ್ಳುವುದಕ್ಕೊಂದು ಲೆಕ್ಕ ಬೇಡ.

ನಮ್ಮ ಕಡೆಯ ಒಂದು ಉದಾಹರಣೆ. ಒಬ್ಬ ಅಳಿಯ ಡೊಂಬಿವಲಿಯಲ್ಲಿ ಅತ್ತೆಯ ಸ್ವಂತ ಫ್ಲ್ಯಾಟಿನಲ್ಲಿದ್ದಾನೆ ಅಂದುಕೊಳ್ಳಿ. ಬಾಡಿಗೆ ಒಂದು ಪೈಸೆ ಕೊಡುವುದಿಲ್ಲ. ಆದರೆ ಎಚ್‌ಆರ್‌ಎ (ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆ) ಮೇಲಿನ ತೆರಿಗೆ ವಿನಾಯಿತಿಗೆ ಜನವರಿಯಲ್ಲಿ ಅತ್ತೆಯಿಂದ ರಸೀದಿಗೆ ಸಹಿ ಹಾಕಿಸುತ್ತಾನೆ. ತಿಂಗಳಿಗೆ 8,300 ರೂಪಾಯಿ. ಯಾಕೆ ಅಷ್ಟೇ? ವರ್ಷಕ್ಕೆ 99,600 ಆಗುತ್ತದೆ; 1 ಲಕ್ಷ ದಾಟಿದರೆ ಮನೆ ಮಾಲೀಕರ ಪ್ಯಾನ್ ಕೊಡಬೇಕು. ಅದೇ ಅಳಿಯ ಸ್ಟೇಷನ್ನಿನಿಂದ ಬರುವಾಗ ರಿಕ್ಷಾದವನು ಹತ್ತು ರೂಪಾಯಿ ಜಾಸ್ತಿ ಕೇಳಿದರೆ ಬೀದಿಯಲ್ಲೇ ಜಗಳಕ್ಕೆ ನಿಲ್ಲುತ್ತಾನೆ! (ನಿಜವಾಗಿ ಬಾಡಿಗೆ ಕೊಟ್ಟು, ಅತ್ತೆಯೂ ಅದನ್ನು ತಮ್ಮ ಆದಾಯದಲ್ಲಿ ತೋರಿಸಿದರೆ ಏನೂ ತಪ್ಪಿಲ್ಲ. ಆ ವ್ಯತ್ಯಾಸ ಕೂಟದಲ್ಲಿ ಬಿಡಿಸಿ ಹೇಳಿ, ಇಲ್ಲದಿದ್ದರೆ ಪಾಪ ಸುಮ್ನೆ ಹೆದರುವವರಿದ್ದಾರೆ.)

ಲೋಕಲ್ ಟ್ರೇನಿನ ಮಾತೂ ಬಂದೇ ಬರುತ್ತದೆ. ಸೆಕೆಂಡ್ ಕ್ಲಾಸ್ ಪಾಸ್ ಇಟ್ಟುಕೊಂಡು ಫಸ್ಟ್ ಕ್ಲಾಸ್ ಹತ್ತುವುದು. "ಟಿಕೆಟ್ ನೋಡುವ ಟಿಸಿ ಹಿಡಿದರೆ ದಂಡ ಕಟ್ಟುತ್ತೇನಲ್ಲ, ಅಲ್ಲಿಗೆ ಸರಿಹೋಯ್ತಲ್ವಾ?" ಅನ್ನುತ್ತಾರೆ. ಇದಕ್ಕೆ ಉತ್ತರ ಲೂಕ 19ರ ಜಕ್ಕಾಯ. ಅವನನ್ನು ಯಾರೂ ಹಿಡಿದಿರಲಿಲ್ಲ. ಯೆರಿಕೋದ ಸುಂಕದವರ ಮುಖಂಡ, ಅವನನ್ನು ಹಿಡಿಯುವವರಾದರೂ ಯಾರು?

ಅವನು ಹೇಳಿದ ಲೆಕ್ಕ ನೋಡಿ: ಮೋಸದಿಂದ ತಗೊಂಡಿದ್ದರೆ ನಾಲ್ಕು ಪಟ್ಟು ಹಿಂದೆ ಕೊಡುತ್ತೇನೆ. ತಾನಾಗಿ ತಪ್ಪು ಒಪ್ಪಿಕೊಂಡವನು ಅಸಲಿನ ಜೊತೆ ಐದರಲ್ಲೊಂದು ಪಾಲು ಸೇರಿಸಿ ಕೊಟ್ಟರೆ ಸಾಕು ಅನ್ನುತ್ತದೆ ಅರಣ್ಯಕಾಂಡ 5:7. ನಾಲ್ಕು ಪಟ್ಟು ಇರುವುದು ವಿಮೋಚನಕಾಂಡ 22:1ರಲ್ಲಿ, ಕುರಿ ಕದ್ದು ಕೊಯ್ದವನಿಗೋ ಮಾರಿದವನಿಗೋ. ಜಕ್ಕಾಯ ಆ ದೊಡ್ಡ ಲೆಕ್ಕವನ್ನೇ ತನ್ನ ಮೇಲೆ ಹಾಕಿಕೊಂಡ. ಬೇರೆಯವರಿಗೆ ಇಡುತ್ತಿದ್ದ ಭಾರದ ಕಲ್ಲನ್ನು ತನಗೂ ಇಟ್ಟ. ಇದರಿಂದ ರಕ್ಷಣೆ ಕೊಂಡುಕೊಂಡ ಅಂತ ಓದಬೇಡಿ. ಯೇಸು ಅವನ ಮನೆಗೆ ಬರುತ್ತೇನೆ ಅಂದಮೇಲೆ ಬಂದ ಮಾತು ಇದು.

"ಹೋದ ವರ್ಷ ರಸೀದಿ ಕೊಟ್ಟಾಗಿದೆ, ಈಗೇನು ಮಾಡುವುದು?" ಅಂತ ಯಾರಾದರೂ ಕೇಳಿದರೆ ಬರೀ ಪ್ರಾರ್ಥನೆ ಮಾಡಿ ಕಳಿಸಬೇಡಿ. ತೆರಿಗೆ ಇಲಾಖೆಯಲ್ಲಿ ಅಪ್‌ಡೇಟೆಡ್ ರಿಟರ್ನ್ (ಹಳೆಯ ಲೆಕ್ಕ ತಿದ್ದಿ ಮತ್ತೆ ಸಲ್ಲಿಸುವುದು) ಅಂತ ಒಂದು ದಾರಿ 2022ರಿಂದ ಇದೆ. ಅಸೆಸ್‌ಮೆಂಟ್ ವರ್ಷ (ಆದಾಯ ಬಂದ ವರ್ಷದ ಮುಂದಿನ ವರ್ಷ) ಮುಗಿದು 12 ತಿಂಗಳೊಳಗೆ ಸಲ್ಲಿಸಿದರೆ, ಬಾಕಿ ತೆರಿಗೆ ಮತ್ತು ಬಡ್ಡಿಯ ಮೇಲೆ ಶೇ 25 ಹೆಚ್ಚುವರಿ ಕಟ್ಟಬೇಕು. ಮೋಶೆಯ ಐದರಲ್ಲೊಂದು ಪಾಲಿಗಿಂತ ಸ್ವಲ್ಪ ಜಾಸ್ತಿ. ತಡವಾದಷ್ಟೂ ಅದು ಏರುತ್ತದೆ, ಹಾಗಾಗಿ ಕಂಪನಿ ಕೊಟ್ಟ ಸಂಬಳ-ತೆರಿಗೆ ಪತ್ರ ಫಾರ್ಮ್ 16 ತಗೊಂಡು ಈ ವಾರವೇ ಸಿಎ ಹತ್ತಿರ ಹೋಗಲು ಹೇಳಿ.